ಕಿಣ್ವಕ್ಕೆ ತಡೆ, ಕ್ಯಾನ್ಸರಿಗೆ ಮದ್ದು: ಓದುಗರು ಕೇಳಿದ್ದು

ಕ್ಯಾನ್ಸರ್ ಮಾತ್ರೆಗಳು ಹೇಗೆ ಕೆಲಸ ಮಾಡುತ್ತವೆ, ಅವನ್ನು ರಸಾಯನಶಾಸ್ತ್ರಜ್ಞರು ಹೇಗೆ ಕಟ್ಟುತ್ತಾರೆ ಎಂದು ಕೇಳಿ ರೋಗಿಗಳ ಮನೆಯವರೂ ಪ್ರಯೋಗಾಲಯದ ವಿದ್ಯಾರ್ಥಿಗಳೂ ಬರೆದಿದ್ದಾರೆ. ಆಯ್ದ ಪ್ರಶ್ನೆಗಳಿಗೆ ಔಷಧ ರಸಾಯನಶಾಸ್ತ್ರ ಮತ್ತು ಔಷಧ ವಿಜ್ಞಾನದ ಬೋಧಕರು ಇಲ್ಲಿ ಉತ್ತರಿಸಿದ್ದಾರೆ. ಮಾತ್ರೆಯ ಪ್ರಮಾಣ ಬದಲಿಸುವುದು, ನಿಲ್ಲಿಸುವುದು ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ಬಿಟ್ಟದ್ದು.

ಪ್ರಶ್ನೆ: ತಂದೆಗೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್. ಒಂದು ವರ್ಷದಿಂದ ದಿನಾ ಇಮ್ಯಾಟಿನಿಬ್ 400 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದಾರೆ. ಬಿಳಿ ರಕ್ತಕಣಗಳ ಎಣಿಕೆ ಮಾಮೂಲಿಗೆ ಬಂದಿದೆ. ಶನಿವಾರ, ಭಾನುವಾರ ಮಾತ್ರೆ ಬಿಟ್ಟರೆ ಹೊಟ್ಟೆಗೆ ಸ್ವಲ್ಪ ವಿರಾಮ ಸಿಗುತ್ತದೆ ಎನ್ನುತ್ತಾರೆ. ಸರಿಯೇ? (ಹಾಸನ)

ಸರಿಯಲ್ಲ. ಈ ಕಾಯಿಲೆಯಲ್ಲಿ 9ನೇ ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಬೆಸುಗೆ ಜೀನ್ ಹುಟ್ಟಿರುತ್ತದೆ. ಅದು ತಯಾರಿಸುವ ಪ್ರೋಟೀನ್ ಒಂದು ಟೈರೊಸಿನ್ ಕೈನೇಸ್, ಅಂದರೆ ಕೋಶದ ಶಕ್ತಿಯ ಅಣುವಾದ ಎಟಿಪಿಯಿಂದ ಫಾಸ್ಫೇಟ್ ತೆಗೆದು ಬೇರೆ ಪ್ರೋಟೀನುಗಳ ಮೇಲೆ ಕೂರಿಸುವ ಕಿಣ್ವ. ಆರೋಗ್ಯವಂತ ಕೋಶದಲ್ಲಿ ಎಬಿಎಲ್ ಬೇಕೆಂದಾಗ ಮಾತ್ರ ಚಾಲೂ ಆಗುತ್ತದೆ. ಬೆಸೆದುಕೊಂಡ ರೂಪಕ್ಕೆ ಆ ಹಿಡಿತವಿಲ್ಲ, ಕೋಶಕ್ಕೆ 'ವಿಭಜಿಸು' ಎಂಬ ಆದೇಶ ನಿಲ್ಲದೆ ಹೋಗುತ್ತಲೇ ಇರುತ್ತದೆ. ಇಮ್ಯಾಟಿನಿಬ್ ಹೋಗಿ ಎಟಿಪಿ ಕೂರುವ ಜಾಗವನ್ನು ಹಿಡಿದುಕೊಳ್ಳುತ್ತದೆ.

ಆದರೆ ಈ ಹಿಡಿತ ಶಾಶ್ವತವಲ್ಲ. ಔಷಧದ ಅಣು ಕೂರುತ್ತದೆ, ಏಳುತ್ತದೆ, ಮತ್ತೆ ಕೂರುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಇದ್ದಷ್ಟು ಹೊತ್ತು ಮಾತ್ರ ತಡೆ. ಇಮ್ಯಾಟಿನಿಬ್‌ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದರ ಮಟ್ಟ ಅರ್ಧಕ್ಕಿಳಿಯುವ ಸಮಯ, ಸುಮಾರು 18 ಗಂಟೆ. ದಿನಾ ತೆಗೆದುಕೊಂಡರೆ ಮರುದಿನದ ಮಾತ್ರೆಯ ಹೊತ್ತಿಗೂ ಗರಿಷ್ಠ ಮಟ್ಟದ ಶೇ 40ರಷ್ಟು ಉಳಿದಿರುತ್ತದೆ. ಶುಕ್ರವಾರದ ನಂತರ ಸೋಮವಾರ ನುಂಗಿದರೆ ನಡುವೆ 72 ಗಂಟೆ, ಅಂದರೆ ನಾಲ್ಕು ಅರ್ಧಾಯುಷ್ಯ. ಉಳಿಯುವುದು ಹದಿನಾರರಲ್ಲಿ ಒಂದು ಪಾಲು. ಆ ಬಿಡುವಿನಲ್ಲಿ ಕಿಣ್ವ ಮತ್ತೆ ಕೆಲಸಕ್ಕೆ ಇಳಿಯುತ್ತದೆ.

ರಕ್ತಕಣಗಳ ಎಣಿಕೆ ಈ ಕಾಯಿಲೆಯ ಒರಟು ಅಳತೆ. ನೋಡಬೇಕಾದ್ದು ಬೆಸುಗೆ ಜೀನ್ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಅಳೆಯುವ ಬಿಸಿಆರ್-ಎಬಿಎಲ್ ಪಿಸಿಆರ್ ವರದಿ, ಅದೂ 'ಅಂತರರಾಷ್ಟ್ರೀಯ ಮಾಪಕ'ದಲ್ಲಿ ಕೊಟ್ಟದ್ದು. 3 ತಿಂಗಳಿಗೆ ಶೇ 10ಕ್ಕೆ, 6 ತಿಂಗಳಿಗೆ ಶೇ 1ಕ್ಕೆ, 12 ತಿಂಗಳಿಗೆ ಶೇ 0.1ಕ್ಕೆ ಅಥವಾ ಅದಕ್ಕಿಂತ ಕೆಳಕ್ಕೆ ಇಳಿದಿರಬೇಕು. ಹಲವು ವರ್ಷ ಇನ್ನೂ ಆಳದ ಮಟ್ಟದಲ್ಲಿ ನಿಂತವರಲ್ಲಿ ಕೆಲವರಿಗೆ ವೈದ್ಯರೇ ಮಾತ್ರೆ ನಿಲ್ಲಿಸಿ ನೋಡುವುದುಂಟು. ಆಗಲೂ ಪಿಸಿಆರ್ ಪದೇಪದೇ ಮಾಡಿಸುತ್ತಿರಬೇಕು. ಅಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರೆ ಮತ್ತೆ ಶುರುಮಾಡಬೇಕಾಗುತ್ತದೆ. ಒಂದೇ ವರ್ಷವಾಗಿರುವ ನಿಮ್ಮ ತಂದೆಯವರ ವಿಷಯದಲ್ಲಿ ಆ ಮಾತು ಈಗಲೇ ಬೇಡ.

ಹೊಟ್ಟೆಯ ತೊಂದರೆಗೆ ದಾರಿ ಬೇರೆ ಇದೆ. ಮಾತ್ರೆಯನ್ನು ಊಟದ ಜೊತೆಗೇ, ದೊಡ್ಡ ಲೋಟ ನೀರಿನಲ್ಲಿ ತೆಗೆದುಕೊಳ್ಳಬೇಕು. ನುಂಗಲು ಕಷ್ಟವಾದರೆ 400 ಮಿಲಿಗ್ರಾಂ ಮಾತ್ರೆಯನ್ನು 200 ಮಿಲಿಲೀಟರ್ ನೀರಿನಲ್ಲೋ ಸೇಬಿನ ರಸದಲ್ಲೋ ಹಾಕಿ, ಚಮಚದಲ್ಲಿ ಕದಡಿ, ಕರಗಿದ ಕೂಡಲೇ ಕುಡಿಯಬಹುದು. ಬೇರೆ ಕಾಯಿಲೆಗೆ ಔಷಧ ಬರೆಸುವಾಗ ಇಮ್ಯಾಟಿನಿಬ್ ಹೆಸರು ಹೇಳಲು ಮರೆಯಬೇಡಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಪಿತ್ತಜನಕಾಂಗದ ಸಿವೈಪಿ3ಎ4 ಕಿಣ್ವವನ್ನು ಹೆಚ್ಚಿಸಿ ಇಮ್ಯಾಟಿನಿಬ್ಬನ್ನು ಬೇಗ ಖಾಲಿ ಮಾಡುತ್ತದೆ. ಕ್ಲಾರಿಥ್ರೊಮೈಸಿನ್, ಕೀಟೊಕೊನಜೋಲ್ ಅದೇ ಕಿಣ್ವವನ್ನು ತಡೆದು ರಕ್ತದಲ್ಲಿ ಅದರ ಮಟ್ಟ ಏರಿಸುತ್ತವೆ. ಗ್ರೇಪ್‌ಫ್ರೂಟ್ ಹಣ್ಣಿನದೂ ಇದೇ ಕಥೆ. ಅದರ ನೆಂಟ ಚಕ್ಕೋತದಲ್ಲೂ ಅದೇ ಬಗೆಯ ಫ್ಯುರಾನೊಕೌಮರಿನ್‌ಗಳಿವೆ, ಹಾಗಾಗಿ ದೇವನಹಳ್ಳಿ ಚಕ್ಕೋತ ಎಷ್ಟೇ ರುಚಿಯಾದರೂ ನಿಮ್ಮ ತಂದೆಯವರ ತಟ್ಟೆಗೆ ಬೇಡ.

ಪ್ರಶ್ನೆ: ಕಂಪನಿಯ ಮಾತ್ರೆಗೂ ಅಗ್ಗದ ಜೆನೆರಿಕ್ ಇಮ್ಯಾಟಿನಿಬ್‌ಗೂ ವ್ಯತ್ಯಾಸವಿದೆಯೇ? ಕೋರ್ಟಿನಲ್ಲಿ ಹರಳಿನ ಬಗ್ಗೆ ಏನೋ ವಾದ ನಡೆದಿತ್ತಲ್ಲ? (ದಾವಣಗೆರೆ)

ಮಾತ್ರೆಯಲ್ಲಿರುವ ಲವಣ ಇಮ್ಯಾಟಿನಿಬ್ ಮೆಸಿಲೇಟ್. ಅದು ಆಲ್ಫಾ, ಬೀಟಾ ಎಂಬ ಬೇರೆ ಬೇರೆ ಹರಳು ರೂಪಗಳಲ್ಲಿ ಸಿಗುತ್ತದೆ. ಇದರ ಮೂಲ ಕಂಪನಿ ನೊವಾರ್ಟಿಸ್ ಭಾರತದಲ್ಲಿ ಪೇಟೆಂಟ್ ಕೇಳಿದ್ದು ಬೀಟಾ ರೂಪಕ್ಕೆ. ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ ಪೇಟೆಂಟ್ ಬೇಕಾದರೆ ಚಿಕಿತ್ಸೆಯ ಫಲ ಹೆಚ್ಚಿದ್ದನ್ನು ತೋರಿಸಬೇಕು ಎನ್ನುತ್ತದೆ ನಮ್ಮ ಕಾಯ್ದೆಯ ಸೆಕ್ಷನ್ 3(ಡಿ). ಅದನ್ನು ತೋರಿಸಿಲ್ಲವೆಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಅರ್ಜಿ ತಳ್ಳಿಹಾಕಿತು. ಹರಳು ಯಾವುದೇ ಇರಲಿ, ಹೊಟ್ಟೆಯ ಆಮ್ಲದಲ್ಲಿ ಕರಗಿದ ಮೇಲೆ ಅಣು ಒಂದೇ. ಜೆನೆರಿಕ್‌ಗೆ ಇರುವ '80ರಿಂದ 125' ಎಂಬ ನಿಯಮವನ್ನು ಅನೇಕರು ತಪ್ಪಾಗಿ ಓದುತ್ತಾರೆ. ಅದು ಮಾತ್ರೆಯೊಳಗಿನ ಔಷಧದ ತೂಕಕ್ಕೆ ಕೊಟ್ಟ ಸಡಿಲಿಕೆಯಲ್ಲ. ರಕ್ತಕ್ಕೆ ಸೇರುವ ಪ್ರಮಾಣದ ಅನುಪಾತ, ಅದರ ಶೇ 90 ವಿಶ್ವಾಸಾಂತರದ (ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿಯ) ಎರಡೂ ತುದಿಗಳು, ಆ ಗೆರೆಗಳ ಒಳಗೆ ಬೀಳಬೇಕು ಎಂದರ್ಥ. ಪೆಟ್ಟಿಗೆಯ ಮೇಲೆ 400 ಎಂದಿರುವುದು ಇಮ್ಯಾಟಿನಿಬ್‌ನ ತೂಕ, ಮೆಸಿಲೇಟ್ ಲವಣದ ಲೆಕ್ಕದಲ್ಲಿ ಅದು 478 ಮಿಲಿಗ್ರಾಂ. ಒಂದು ತಯಾರಕರ ಮಾತ್ರೆ ಒಗ್ಗಿದ್ದರೆ ತಿಂಗಳಿಗೊಂದು ಬ್ರ್ಯಾಂಡ್ ಬದಲಿಸದೆ ಅದನ್ನೇ ಮುಂದುವರಿಸಿದರೆ ಪಿಸಿಆರ್ ಏರಿಳಿತದ ಕಾರಣ ಹುಡುಕುವುದು ಸುಲಭ.

ಪ್ರಶ್ನೆ: 'ಲೀಡ್' ಸಂಯುಕ್ತವನ್ನು (ಔಷಧದ ಮೊದಲ ಕರಡಿನಂಥ ಅಣುವನ್ನು) ಔಷಧವಾಗಿ ತಿದ್ದುತ್ತಾರೆ ಎಂದು ಪಠ್ಯದಲ್ಲಿದೆ. ಯಾವ ಪರಮಾಣು ಯಾಕೆ ಸೇರಿತು ಎಂದು ಒಂದು ನಿಜವಾದ ಉದಾಹರಣೆಯಿಂದ ಹೇಳುವಿರಾ? (ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ)

ಇಮ್ಯಾಟಿನಿಬ್‌ಗಿಂತ ಚೆನ್ನಾಗಿ ಪಾಠ ಹೇಳುವ ಅಣು ಸಿಗುವುದು ಕಷ್ಟ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸೀಬಾ-ಗೈಗಿ ಕಂಪನಿಯ ನಿಕೊಲಸ್ ಲೈಡನ್, ಯುರ್ಗ್ ಝಿಮ್ಮರ್‌ಮನ್ ಮತ್ತು ಸಂಗಡಿಗರು ಹೊರಟಿದ್ದು ಫಿನೈಲ್‌ಅಮಿನೊಪಿರಿಮಿಡಿನ್ ಎಂಬ ಸಾಧಾರಣ ಚೌಕಟ್ಟಿನಿಂದ. ಅದು ಪ್ರೋಟೀನ್ ಕೈನೇಸ್ ಸಿ ಎಂಬ ಬೇರೆಯೇ ಕಿಣ್ವವನ್ನು ತಡೆಯುತ್ತಿತ್ತು. ಹಾಗೆ ನೋಡಿದರೆ ಗುರಿಯೇ ಬೇರೆ.

ಕಾಗದದ ಮೇಲೆ ರಚನೆ ಬರೆದುಕೊಂಡು ಓದಿ. ಪಿರಿಮಿಡಿನ್ ಉಂಗುರಕ್ಕೆ 3-ಪಿರಿಡೈಲ್ ಗುಂಪು ಸೇರಿಸಿದಾಗ ಜೀವಕೋಶದೊಳಗಿನ ಪರಿಣಾಮ ಹೆಚ್ಚಿತು. ಫಿನೈಲ್ ಉಂಗುರಕ್ಕೆ ಬೆಂಜಮೈಡ್ ಜೋಡಿಸಿದಾಗ ಟೈರೊಸಿನ್ ಕೈನೇಸ್‌ಗಳ ಮೇಲೂ ಹಿಡಿತ ಬಂತು. ಆದರೆ ಪ್ರೋಟೀನ್ ಕೈನೇಸ್ ಸಿ ಮೇಲಿನ ಪರಿಣಾಮ ಇನ್ನೂ ಉಳಿದಿತ್ತು, ಅದು ಬೇಡದ್ದು. ಆಗ ಅದೇ ಫಿನೈಲ್ ಉಂಗುರದಲ್ಲಿ, ಪಿರಿಮಿಡಿನ್ ಕಡೆಗೆ ಹೋಗುವ ಎನ್‌ಎಚ್‌ನ ಪಕ್ಕದ ಸ್ಥಾನಕ್ಕೆ ಒಂದೇ ಒಂದು ಮಿಥೈಲ್ ಹಾಕಿದರು. ಆ ಮಿಥೈಲ್ ಅಡ್ಡ ಬಂದು ಎರಡು ಉಂಗುರಗಳು ಒಂದೇ ಸಮತಲದಲ್ಲಿ ಮಲಗಲು ಬಿಡದೆ ಅಣುವನ್ನು ತಿರುಚುತ್ತದೆ. ತಿರುಚಿದ ಈ ಭಂಗಿ ಎಬಿಎಲ್‌ಗೆ ಒಪ್ಪುತ್ತದೆ, ಪ್ರೋಟೀನ್ ಕೈನೇಸ್ ಸಿ-ಗೆ ಒಪ್ಪುವುದಿಲ್ಲ. 15 ಡಾಲ್ಟನ್ ತೂಕದ ಒಂದು ಗುಂಪಿನಿಂದ ಆಯ್ಕೆ ಇಷ್ಟು ಹರಿತವಾದದ್ದು ಈ ಕ್ಷೇತ್ರದಲ್ಲಿ ಕಂಡ ಅತ್ಯಂತ ಚೆಲುವಾದ ಕೆಲಸಗಳಲ್ಲೊಂದು ಎಂದು ನಮ್ಮ ಅಭಿಪ್ರಾಯ.

ಅಷ್ಟಾದರೂ ಅಣು ನೀರಿನಲ್ಲಿ ಸರಿಯಾಗಿ ಕರಗುತ್ತಿರಲಿಲ್ಲ, ಬಾಯಿಂದ ಕೊಟ್ಟರೆ ರಕ್ತಕ್ಕೆ ಸೇರುತ್ತಿರಲಿಲ್ಲ. ಅದಕ್ಕೆಂದು ತುದಿಯಲ್ಲಿ ಎನ್-ಮಿಥೈಲ್‌ಪಿಪೆರಜಿನ್ ಬಂತು. ಅದನ್ನು ಬೆಂಜೀನ್ ಉಂಗುರಕ್ಕೆ ನೇರವಾಗಿ ಅಂಟಿಸದೆ ನಡುವೆ ಒಂದು ಸಿಎಚ್2 ಬಿಟ್ಟದ್ದನ್ನು ಗಮನಿಸಿ. ನೇರ ಅಂಟಿಸಿದರೆ ಅನಿಲಿನ್ ಬಗೆಯ ರಚನೆಯಾಗಿ ಡಿಎನ್‌ಎಗೆ ಹಾನಿ ಮಾಡುವ ಅಪಾಯವಿರುತ್ತದೆ. ಕರಗಲೆಂದು ಸೇರಿಸಿದ ಈ ಬಾಲವೂ ಕಿಣ್ವದೊಡನೆ ಹೈಡ್ರೋಜನ್ ಬಂಧ ಮಾಡುತ್ತದೆ ಎಂಬುದು ಆಮೇಲೆ ಎಕ್ಸ್‌ರೇ ಸ್ಫಟಿಕ ರಚನೆಯಿಂದ ಗೊತ್ತಾಯಿತು. ಇಮ್ಯಾಟಿನಿಬ್ ಹಿಡಿಯುವುದು ಎಬಿಎಲ್‌ನ ನಿಷ್ಕ್ರಿಯ ಭಂಗಿಯನ್ನು ಎಂಬುದೂ ಆ ರಚನೆ ಬಂದ ಮೇಲೆ ತಿಳಿದದ್ದೇ.

ತಯಾರಿಸುವ ದಾರಿಯೂ ನಿಮ್ಮ ಪ್ರಯೋಗಾಲಯದ ಅಳವಿನಲ್ಲಿರುವಂಥದ್ದು. 2-ಮಿಥೈಲ್-5-ನೈಟ್ರೋಅನಿಲಿನ್‌ಗೆ ಆಮ್ಲದಲ್ಲಿ ಸಯನಮೈಡ್ ಸೇರಿಸಿ ಗ್ವಾನಿಡಿನ್ ಮಾಡಿಕೊಳ್ಳುತ್ತಾರೆ. 3-ಅಸಿಟೈಲ್‌ಪಿರಿಡಿನ್‌ನಿಂದ ಪಡೆದ ಇನಮಿನೋನ್ ಜೊತೆ ಅದನ್ನು ಪ್ರತ್ಯಾಮ್ಲದಲ್ಲಿ ಕುದಿಸಿದರೆ ಪಿರಿಮಿಡಿನ್ ಉಂಗುರ ಮುಚ್ಚಿಕೊಳ್ಳುತ್ತದೆ. ನೈಟ್ರೋ ಗುಂಪನ್ನು ಅಮೈನ್‌ಗೆ ಇಳಿಸಿ, ಪಿಪೆರಜಿನ್ ಬಾಲವಿರುವ ಬೆಂಜಾಯ್ಲ್ ಕ್ಲೋರೈಡ್‌ನಿಂದ ಅಮೈಡ್ ಮಾಡಿ, ಕೊನೆಗೆ ಮೀಥೇನ್‌ಸಲ್ಫಾನಿಕ್ ಆಮ್ಲದಲ್ಲಿ ಲವಣ. ಕೈಕೊಡುವ ಜಾಗ ಎರಡು. ಅಮೈಡ್ ಆಗುವ ಮೊದಲಿನ ಅಮೈನ್ ಪೂರ್ತಿ ಮುಗಿಯದೆ ಉಳಿದರೆ ಅದು ಜೀನ್‌ಗೆ ಹಾನಿಮಾಡುವ ಕಲ್ಮಶ, ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಮಟ್ಟದಲ್ಲಿ ಅಳೆದು ತೆಗೆಯಬೇಕು. ಎರಡನೆಯದು, ಲವಣ ಮಾಡುವಾಗ ಮೆಥನಾಲ್, ಎಥನಾಲ್, ಐಸೊಪ್ರೊಪನಾಲ್ ಯಾವುದಿದ್ದರೂ ಅದರ ಮೆಸಿಲೇಟ್ ಎಸ್ಟರ್ ಹುಟ್ಟುವ ಸಂಭವ. ಇದೂ ಡಿಎನ್‌ಎಗೆ ಅಂಟುವ ಜಾತಿಯದು. 2007ರಲ್ಲಿ ನೆಲ್ಫಿನಾವಿರ್ ಎಂಬ ಎಚ್‌ಐವಿ ಔಷಧವನ್ನು ಯುರೋಪಿನ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದದ್ದು ಎಥೈಲ್ ಮೆಸಿಲೇಟ್ ಸಿಕ್ಕಿದ್ದಕ್ಕೇ.

ಓರೆಗಾನ್‌ನ ವೈದ್ಯ ಬ್ರಯಾನ್ ಡ್ರೂಕರ್ 1998ರಲ್ಲಿ ಇಮ್ಯಾಟಿನಿಬ್ಬನ್ನು ರೋಗಿಗಳಿಗೆ ಕೊಟ್ಟು ನೋಡಲು ಶುರುಮಾಡಿದರು, ಅಮೆರಿಕದಲ್ಲಿ 2001ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು.

ಪ್ರಶ್ನೆ: ಚೆನ್ನಾಗಿ ಕೆಲಸ ಮಾಡುತ್ತಿದ್ದ ಇಮ್ಯಾಟಿನಿಬ್ ಎರಡು ವರ್ಷದ ಮೇಲೆ ನಿಂತುಹೋಯಿತು. ಪ್ರಮಾಣ ಹೆಚ್ಚಿಸಿದರೆ ಸಾಲದೇ? (ಬೆಳಗಾವಿ)

ಕಾರಣ ನೋಡದೆ ಹೆಚ್ಚಿಸಿ ಫಲವಿಲ್ಲ. ವೈದ್ಯರು ಮೊದಲು ಕೇಳುವುದು ಮಾತ್ರೆ ತಪ್ಪಿದೆಯೇ, ನಡುವೆ ಬೇರೆ ಔಷಧ ಸೇರಿದೆಯೇ ಎಂದು. ಅದಿಲ್ಲವಾದರೆ ಬಿಸಿಆರ್-ಎಬಿಎಲ್ ಮ್ಯುಟೇಶನ್ (ಜೀನ್‌ನ ಬದಲಾವಣೆ) ಪರೀಕ್ಷೆ. ವರದಿಯಲ್ಲಿ 'ಟಿ315ಐ' ಎಂದಿದ್ದರೆ 315ನೇ ಸ್ಥಾನದ ಥ್ರಿಯೊನಿನ್ ಹೋಗಿ ಐಸೊಲ್ಯೂಸಿನ್ ಬಂದಿದೆ ಎಂದರ್ಥ. ಜೀನ್‌ನಲ್ಲಿ ಬದಲಾದದ್ದು ಒಂದೇ ಅಕ್ಷರ, ಎಸಿಟಿ ಇದ್ದದ್ದು ಎಟಿಟಿ ಆಗಿದೆ. ಇಮ್ಯಾಟಿನಿಬ್‌ನ ಎನ್‌ಎಚ್ ಆ ಥ್ರಿಯೊನಿನ್‌ಗೆ ಹೈಡ್ರೋಜನ್ ಬಂಧ ಹಾಕಿ ನಿಂತಿತ್ತು. ಐಸೊಲ್ಯೂಸಿನ್‌ನಲ್ಲಿ ಆ ಬಂಧಕ್ಕೆ ಆಮ್ಲಜನಕವೇ ಇಲ್ಲ, ಸಾಲದ್ದಕ್ಕೆ ಅದರ ಬದಿಯ ಸರಪಳಿ ಔಷಧದ ದಾರಿಗೇ ಚಾಚಿಕೊಂಡಿದೆ. 400 ಅನ್ನು 800 ಮಾಡಿದರೂ ಇದು ಬದಲಾಗದು. ಇದೇ ಕಿಣ್ವವನ್ನು ತಡೆಯುವ ಡಾಸಾಟಿನಿಬ್, ನಿಲೊಟಿನಿಬ್ ಬೇರೆ ಹಲವು ಮ್ಯುಟೇಶನ್‌ಗಳಿಗೆ ಆಗುತ್ತವೆ, ಇದಕ್ಕೆ ಆಗುವುದಿಲ್ಲ.

ಪೊನಾಟಿನಿಬ್ ಆಗುತ್ತದೆ. ಅದರ ಆ ಭಾಗದಲ್ಲಿರುವುದು ಇಂಗಾಲ-ಇಂಗಾಲ ತ್ರಿಬಂಧ. ತೆಳ್ಳಗೆ, ನೇರವಾಗಿ ಐಸೊಲ್ಯೂಸಿನ್ ಪಕ್ಕದಲ್ಲೇ ನುಸುಳಿ ಹೋಗುತ್ತದೆ. ಆದರೆ ರಕ್ತನಾಳ ಕಟ್ಟಿಕೊಳ್ಳುವ ಅಪಾಯ ಇರುವುದರಿಂದ ಹೃದಯ, ರಕ್ತದೊತ್ತಡ ನೋಡಿಕೊಂಡೇ ಕೊಡಬೇಕು. ಅಸಿಮಿನಿಬ್ ಎಟಿಪಿ ಜಾಗದ ಗೊಡವೆಗೇ ಹೋಗುವುದಿಲ್ಲ, ದೂರದ ಮಿರಿಸ್ಟಾಯ್ಲ್ ಕುಳಿಯಲ್ಲಿ ಕೂತು ಕಿಣ್ವವನ್ನು ನಿಷ್ಕ್ರಿಯ ಭಂಗಿಗೆ ಎಳೆಯುತ್ತದೆ. ಟಿ315ಐ ಇದ್ದವರಿಗೆ ಅದರ ಪ್ರಮಾಣ ದಿನಕ್ಕೆರಡು ಬಾರಿ 200 ಮಿಲಿಗ್ರಾಂ, ಇಲ್ಲದವರಿಗೆ ದಿನಕ್ಕೆ ಒಟ್ಟು 80. ಈ ಐದು ಪಟ್ಟು ಅಂತರಕ್ಕಾಗಿಯೇ ಮ್ಯುಟೇಶನ್ ವರದಿ ಕೈಯಲ್ಲಿರಬೇಕು.

ಪ್ರಶ್ನೆ: ಇಜಿಎಫ್‌ಆರ್ ಕೈನೇಸ್ ತಡೆಯಲು ನಾಲ್ಕು ಹೊಸ ಸಂಯುಕ್ತ ಮಾಡಿದ್ದೇನೆ. ಕಿಣ್ವದ ಪ್ರಯೋಗದಲ್ಲಿ ಐಸಿ50 (ಕಿಣ್ವದ ಕೆಲಸವನ್ನು ಅರ್ಧಕ್ಕಿಳಿಸುವ ಪ್ರಮಾಣ) ಎಲ್ಲದಕ್ಕೂ 10ರಿಂದ 12 ನ್ಯಾನೊಮೋಲಾರ್. ಕಿಣ್ವ 20 ನ್ಯಾನೊಮೋಲಾರ್ ಹಾಕಿದ್ದೆ, ಎಟಿಪಿ ಅದರ ಕೆಎಂ (ಕಿಣ್ವ ಅರ್ಧ ವೇಗದಲ್ಲಿ ಓಡುವ ಸಾಂದ್ರತೆ) ಮಟ್ಟದಲ್ಲಿ. ಎ549 ಎಂಬ ಶ್ವಾಸಕೋಶ ಕ್ಯಾನ್ಸರ್ ಕೋಶಗಳಲ್ಲಿ ಮಾತ್ರ 10 ಮೈಕ್ರೋಮೋಲಾರ್‌ವರೆಗೂ ಏನೂ ಆಗುತ್ತಿಲ್ಲ. ಎಲ್ಲಿ ತಪ್ಪಿದೆ? (ಸಂಶೋಧನಾ ವಿದ್ಯಾರ್ಥಿ, ಮೈಸೂರು)

ಮೂರು ಕಡೆ ನೋಡಬೇಕು. ಮೊದಲನೆಯದು ನಿಮ್ಮ ಪ್ರಶ್ನೆಯಲ್ಲೇ ಇದೆ. ಕಿಣ್ವ 20 ನ್ಯಾನೊಮೋಲಾರ್ ಇದ್ದಾಗ ಅರ್ಧ ಕಿಣ್ವವನ್ನು ಹಿಡಿಯಲು ಕನಿಷ್ಠ 10 ನ್ಯಾನೊಮೋಲಾರ್ ಔಷಧ ಬೇಕೇ ಬೇಕು. ಅದಕ್ಕಿಂತ ಕೆಳಗಿನ ಐಸಿ50 ನಿಮ್ಮ ಪ್ರಯೋಗದಲ್ಲಿ ಬರಲು ಸಾಧ್ಯವೇ ಇಲ್ಲ. ನಾಲ್ಕೂ ಸಂಯುಕ್ತ 10ರ ಸುತ್ತ ಸಾಲಾಗಿ ನಿಂತದ್ದು ಅದಕ್ಕೇ, ನೀವು ಅಳೆದದ್ದು ಹಾಕಿದ ಕಿಣ್ವವನ್ನು. ಕಿಣ್ವವನ್ನು 1ರಿಂದ 2 ನ್ಯಾನೊಮೋಲಾರ್‌ಗೆ ಇಳಿಸಿ, ಸಿಗ್ನಲ್ ಸಾಲದಿದ್ದರೆ ಪ್ರತಿಕ್ರಿಯೆಯ ಸಮಯ ಹೆಚ್ಚಿಸಿ. ಆದರೆ ತಲಾಧಾರ (ಕಿಣ್ವ ಬದಲಿಸುವ ವಸ್ತು) ಶೇ 10ಕ್ಕಿಂತ ಹೆಚ್ಚು ಖರ್ಚಾಗುವ ಮೊದಲೇ ನಿಲ್ಲಿಸಿ. ಆಗ ನಾಲ್ಕರ ನಡುವಿನ ನಿಜವಾದ ವ್ಯತ್ಯಾಸ ಕಾಣುತ್ತದೆ.

ಎರಡನೆಯದು ಎಟಿಪಿ. ಎಟಿಪಿಗೆ ಪೈಪೋಟಿ ಕೊಡುವ ಸಂಯುಕ್ತಕ್ಕೆ ಕೆಐ (ಹಿಡಿತದ ನಿಜವಾದ ಅಳತೆ) ಎಂದರೆ ಐಸಿ50 ಅನ್ನು (1 + ಎಟಿಪಿ ÷ ಕೆಎಂ) ಇಂದ ಭಾಗಿಸಿದ್ದು. ಕಿಣ್ವ ಇಳಿಸಿದ ಮೇಲೆ ಐಸಿ50 10 ನ್ಯಾನೊಮೋಲಾರ್ ಬಂತೆನ್ನಿ. ಎಟಿಪಿ ಕೆಎಂ ಮಟ್ಟದಲ್ಲಿದ್ದರಿಂದ ಕೆಐ 5. ಜೀವಕೋಶದೊಳಗೆ ಎಟಿಪಿ ಮಿಲಿಮೋಲಾರ್ ಲೆಕ್ಕದಲ್ಲಿರುತ್ತದೆ. ಅದು 2 ಮಿಲಿಮೋಲಾರ್, ಕೆಎಂ 20 ಮೈಕ್ರೋಮೋಲಾರ್ ಎಂದಿಟ್ಟುಕೊಂಡರೆ ಅನುಪಾತ 100, ಅಲ್ಲಿನ ಐಸಿ50 5 × 101 = 505 ನ್ಯಾನೊಮೋಲಾರ್. ಅಂದರೆ ಏನೂ ಕೆಡದೆಯೇ 50 ಪಟ್ಟು ಬಲ ಕುಂದಿತು. ಇದರ ಮೇಲೆ ಮಾಧ್ಯಮದ ಸೀರಂ ಪ್ರೋಟೀನ್‌ಗಳಿಗೆ ಶೇ 99 ಅಂಟಿಕೊಂಡರೆ 10 ಮೈಕ್ರೋಮೋಲಾರ್ ಹಾಕಿದಲ್ಲಿ ಬಿಡಿಯಾಗಿ ಓಡಾಡುವುದು 0.1. ಕಾರ್ಬಾಕ್ಸಿಲಿಕ್ ಆಮ್ಲ ಗುಂಪೇನಾದರೂ ಇದ್ದರೆ ಕೋಶದ ಪೊರೆ ದಾಟುವುದೂ ಅನುಮಾನ.

ಮೂರನೆಯದು, ಬಹುಶಃ ದೊಡ್ಡದು: ಎ549 ಈ ಪ್ರಶ್ನೆಗೆ ಹೊಂದುವ ಕೋಶವಲ್ಲ. ಅದರಲ್ಲಿ ಇಜಿಎಫ್‌ಆರ್ ಸಹಜವಾಗಿದೆ, ಕೆಟ್ಟಿರುವುದು ಅದರ ಆದೇಶವನ್ನು ಮುಂದೆ ದಾಟಿಸುವ ಕೆ-ರಾಸ್ ಎಂಬ ಪ್ರೋಟೀನ್. ಮೇಲಿನ ಇಜಿಎಫ್‌ಆರ್ ಪೂರ್ತಿ ಮುಚ್ಚಿದರೂ ಕೆಳಗಿನ ಕೆ-ರಾಸ್ ಆದೇಶ ಕಳಿಸುತ್ತಲೇ ಇರುತ್ತದೆ. ಇಜಿಎಫ್‌ಆರ್ ತಡೆಯುವ ಔಷಧ ಗೆಫಿಟಿನಿಬ್ಬೇ ಎ549ರಲ್ಲಿ ಮೈಕ್ರೋಮೋಲಾರ್ ಮಟ್ಟದಲ್ಲಿ ತಿಣುಕುತ್ತದೆ, ಎಕ್ಸಾನ್ 19 ತುಂಡಾಗಿರುವ ಪಿಸಿ-9 ಕೋಶಗಳಲ್ಲಿ ನ್ಯಾನೊಮೋಲಾರ್‌ನಲ್ಲೇ ಕೆಲಸ ಮುಗಿಸುತ್ತದೆ. ಪಿಸಿ-9 ತರಿಸಿ, ಗೆಫಿಟಿನಿಬ್ ಜೊತೆಗಿಟ್ಟು ಪರೀಕ್ಷಿಸಿ. ಕೋಶ ಸಾಯಿತೋ ಇಲ್ಲವೋ ನೋಡುವ ಮೊದಲು ಒಂದೆರಡು ಗಂಟೆ ಔಷಧ ಕೊಟ್ಟು ಫಾಸ್ಫೊ-ಇಜಿಎಫ್‌ಆರ್ ವೆಸ್ಟರ್ನ್ ಬ್ಲಾಟ್ ಮಾಡಿ. ಫಾಸ್ಫೊ ಪಟ್ಟಿ ಮಸುಕಾಗಿಯೂ ಕೋಶ ಬದುಕಿದ್ದರೆ ಕೋಶಕ್ಕೆ ಆ ಕಿಣ್ವ ಬೇಕಾಗಿಲ್ಲ ಎಂದರ್ಥ. ಪಟ್ಟಿ ಮಸುಕಾಗದಿದ್ದರೆ ಔಷಧ ಗುರಿಯನ್ನು ತಲುಪಿಯೇ ಇಲ್ಲ.

ಪ್ರಶ್ನೆ: ಡಾಕಿಂಗ್‌ನಲ್ಲಿ (ಅಣು ಕಿಣ್ವದಲ್ಲಿ ಹೇಗೆ ಕೂರುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕಹಾಕಿದಾಗ) ಮೈನಸ್ 11 ಬಂದಿದೆ. ಪ್ರಬಂಧಕ್ಕೆ ಸಾಕೇ? (ಕಲಬುರಗಿ)

ಸಾಲದು. ಮೈನಸ್ 11 ಕಿಲೊಕ್ಯಾಲರಿಯನ್ನು ನಿಜವಾದ ಬಂಧನ ಶಕ್ತಿ ಎಂದು ನಂಬಿದರೆ ಸುಮಾರು 9 ನ್ಯಾನೊಮೋಲಾರ್ ಆಗುತ್ತದೆ. ಅದರಲ್ಲಿ 2 ಕಿಲೊಕ್ಯಾಲರಿ ಹೆಚ್ಚುಕಡಿಮೆಯಾದರೆ ಉತ್ತರ 30 ಪಟ್ಟು ಅತ್ತಿತ್ತ. ಡಾಕಿಂಗ್ ಅಂಕಿಗಳಲ್ಲಿ ಅಷ್ಟು ತಪ್ಪು ಮಾಮೂಲು, ದೊಡ್ಡ ಅಣುವಿಗೆ ಸುಮ್ಮನೆ ಹೆಚ್ಚು ಅಂಕ ಬೀಳುವುದೂ ಮಾಮೂಲು. ಮೊದಲು ಸ್ಫಟಿಕ ರಚನೆಯಲ್ಲೇ ಇದ್ದ ಅಣುವನ್ನು ತೆಗೆದು ಮತ್ತೆ ಕೂರಿಸಿ ನೋಡಿ, ಮೂಲ ಸ್ಥಾನದಿಂದ 2 ಆಂಗ್‌ಸ್ಟ್ರಾಂ ಒಳಗೆ ಬರಬೇಕು. ಕಿಣ್ವದ ಯಾವ ಭಂಗಿ ಆರಿಸಿಕೊಂಡಿರಿ ಎಂಬುದನ್ನೂ ಬರೆಯಿರಿ. ಇಮ್ಯಾಟಿನಿಬ್ಬನ್ನು ಡಾಸಾಟಿನಿಬ್ ಕೂತಿರುವ ಸಕ್ರಿಯ ಭಂಗಿಯ ಎಬಿಎಲ್‌ಗೆ ಡಾಕ್ ಮಾಡಿದರೆ ಅದಕ್ಕೆ ಜಾಗವೇ ಸಿಗದು, ನಿಷ್ಕ್ರಿಯ ಭಂಗಿಯ 1ಐಇಪಿ ರಚನೆಯಲ್ಲಿ ಸಲೀಸಾಗಿ ಕೂರುತ್ತದೆ.

ಪ್ರಶ್ನೆ: ಅರಿಶಿನದ ಕರ್ಕ್ಯುಮಿನ್‌ನಿಂದ ಕೆಲವು ಸಂಯುಕ್ತಗಳನ್ನು ತಯಾರಿಸಿದ್ದೇವೆ. ಪರೀಕ್ಷಿಸಿದ ಮೂರು ಕಿಣ್ವಗಳನ್ನೂ ತಡೆಯುತ್ತವೆ. ಬದುಕಿರುವ ಕೋಶಗಳನ್ನು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆಯಲ್ಲಿ ಮಾತ್ರ ಒಂದೊಂದು ಸಲ ಒಂದೊಂದು ಅಂಕಿ. (ಫಾರ್ಮಸಿ ಕಾಲೇಜು, ತುಮಕೂರು)

ಸಂಬಂಧವಿಲ್ಲದ ಮೂರು ಕಿಣ್ವಗಳನ್ನೂ ಒಂದೇ ಸಂಯುಕ್ತ ತಡೆದರೆ ಸಂತೋಷಕ್ಕೆ ಮೊದಲು ಸಂಶಯ ಬರಬೇಕು. ಕರ್ಕ್ಯುಮಿನ್ ಈ ವಿಷಯದಲ್ಲಿ ಹೆಸರುವಾಸಿ. ತಾನೇ ಹೊಳೆಯುವುದರಿಂದ ಪ್ರತಿದೀಪ್ತಿಯ ಅಳತೆಯನ್ನು ಕೆಡಿಸುತ್ತದೆ, ಪ್ರೋಟೀನಿನ ಸಿಸ್ಟೀನ್‌ಗಳಿಗೆ ಅಂಟುತ್ತದೆ, ಲೋಹದ ಅಯಾನುಗಳನ್ನು ಹಿಡಿಯುತ್ತದೆ. ಜೊತೆಗೆ ನಿಲ್ಲುವುದೂ ಇಲ್ಲ: ಸೀರಂ ಇಲ್ಲದ ಫಾಸ್ಫೇಟ್ ಬಫರ್‌ನಲ್ಲಿ, ಪಿಎಚ್ 7.2, 37 ಡಿಗ್ರಿಯಲ್ಲಿ ಅರ್ಧ ಗಂಟೆಯೊಳಗೆ ಶೇ 90ರಷ್ಟು ಒಡೆದುಹೋಗುತ್ತದೆ. ನೀವು ಅಳೆದದ್ದು ಕರ್ಕ್ಯುಮಿನ್ನೋ ಅದರ ಚೂರುಗಳೋ ಎಂದು ಹೇಳಲಾಗದು.

ಒಂದು ಮಧ್ಯಾಹ್ನದಲ್ಲಿ ಮುಗಿಯುವ ಪರೀಕ್ಷೆಗಳಿವೆ. ಬಫರ್‌ಗೆ ಶೇ 0.01 ಟ್ರೈಟನ್ ಎಕ್ಸ್-100 ಸೇರಿಸಿ ಮತ್ತೆ ಅಳೆಯಿರಿ. ತಡೆ ಮಾಯವಾದರೆ, ನಿಮ್ಮ ಅಣುಗಳು ನೀರಿನಲ್ಲಿ ಗುಂಪುಗಟ್ಟಿ ಕಿಣ್ವವನ್ನು ಮೈಗೆ ಅಂಟಿಸಿಕೊಳ್ಳುತ್ತಿದ್ದವು, ಅಷ್ಟೆ. ಪ್ರಮಾಣ-ಪರಿಣಾಮದ ಗೆರೆ ತೀರ ಕಡಿದಾಗಿದ್ದರೂ ಅದೇ ಅನುಮಾನ. ಸಿಸ್ಟೀನ್‌ನಂತೆ ಗಂಧಕದ ಗುಂಪಿರುವ ಡಿಟಿಟಿ 1 ಮಿಲಿಮೋಲಾರ್ ಹಾಕಿದಾಗ ತಡೆ ಹೋದರೆ ಸಿಸ್ಟೀನ್ ಜೊತೆಗಿನ ಅಂಟು. ಕೊನೆಯದಾಗಿ, ಮಾಮೂಲಿಗಿಂತ 100 ಪಟ್ಟು ಸಾಂದ್ರ ಕಿಣ್ವಕ್ಕೆ ಐಸಿ50ಯ 10 ಪಟ್ಟು ಔಷಧ ಹಾಕಿ, ಅರ್ಧ ಗಂಟೆ ಬಿಟ್ಟು, 100 ಪಟ್ಟು ತೆಳುಮಾಡಿ. ಬಿಟ್ಟು ಹೋಗುವ ಪ್ರತಿಬಂಧಕವಾದರೆ ಚಟುವಟಿಕೆ ಶೇ 90ಕ್ಕೆ ಮರಳಬೇಕು. ಮರಳದಿದ್ದರೆ ಅಂಟಿಕೊಂಡಿದೆ ಅಥವಾ ಕಿಣ್ವವನ್ನೇ ಕೆಡಿಸಿದೆ.

ಎಂಟಿಟಿ ಅಂಕಿ ಓಲಾಡುವುದಕ್ಕೆ ಕಾರಣ ಸಾಮಾನ್ಯವಾಗಿ ತೀರ ಲೌಕಿಕ. 96 ಗುಳಿಯ ತಟ್ಟೆಯ ಅಂಚಿನ ಗುಳಿಗಳಲ್ಲಿ ನೀರು ಆವಿಯಾಗಿ ಮಾಧ್ಯಮ ಗಟ್ಟಿಯಾಗುತ್ತದೆ. ಅಲ್ಲಿ ಬರೀ ಪಿಬಿಎಸ್ ಬಫರ್ ತುಂಬಿ, ಒಳಗಿನ 60 ಗುಳಿಗಳನ್ನಷ್ಟೇ ಬಳಸಿ. ಗುಳಿಗೆ 5,000 ಕೋಶ, 100 ಮೈಕ್ರೋಲೀಟರ್ ಮಾಧ್ಯಮ, ಅಂಟಿಕೊಳ್ಳಲು 24 ಗಂಟೆ. ಔಷಧ 100, 30, 10, 3, 1, 0.3 ಮೈಕ್ರೋಮೋಲಾರ್ ಹೀಗೆ ಇಳಿಸುತ್ತ 48 ಅಥವಾ 72 ಗಂಟೆ. ಇಲ್ಲಿ ಅನೇಕರು ಔಷಧ ಕರಗಿಸುವ ದ್ರಾವಕ ಡಿಎಂಎಸ್‌ಒದ ಲೆಕ್ಕ ತಪ್ಪುತ್ತಾರೆ. 10 ಮಿಲಿಮೋಲಾರ್ ದ್ರಾವಣದಿಂದ 100 ಮೈಕ್ರೋಮೋಲಾರ್ ಮಾಡಿದರೆ ಡಿಎಂಎಸ್‌ಒ ಶೇ 1 ಆಗುತ್ತದೆ, ಕೋಶಗಳು ಅದಕ್ಕೇ ನರಳುತ್ತವೆ. 20 ಮಿಲಿಮೋಲಾರ್ ದ್ರಾವಣ ಮಾಡಿಕೊಳ್ಳಿ, ಮೊದಲು ಡಿಎಂಎಸ್‌ಒದಲ್ಲೇ ಸರಣಿಯಾಗಿ ತೆಳುಮಾಡಿ, ಆಮೇಲೆ ಮಾಧ್ಯಮಕ್ಕೆ ಹಾಕಿ. ಆಗ ಎಲ್ಲ ಗುಳಿಯಲ್ಲೂ ಒಂದೇ ಶೇ 0.5. ಕಡೆಗೆ ಎಂಟಿಟಿ 0.5 ಮಿಲಿಗ್ರಾಂ ಪ್ರತಿ ಮಿಲಿಲೀಟರ್, 3ರಿಂದ 4 ಗಂಟೆ, ನೇರಳೆ ಹರಳನ್ನು ಡಿಎಂಎಸ್‌ಒದಲ್ಲಿ ಕರಗಿಸಿ 570 ನ್ಯಾನೊಮೀಟರ್‌ನಲ್ಲಿ ಓದಿ, 630 ಕಳೆಯಿರಿ.

ಪಾಲಿಫಿನಾಲ್‌ಗಳಿಗೆ ಇನ್ನೊಂದು ಚಾಳಿ: ಕೋಶವೇ ಇಲ್ಲದಿದ್ದರೂ ಎಂಟಿಟಿಯನ್ನು ತಾವೇ ನೇರಳೆಯಾಗಿಸುತ್ತವೆ. ಸತ್ತ ಕೋಶಗಳ ಗುಳಿ ಬದುಕಿದಂತೆ ಕಾಣುತ್ತದೆ. ಕೋಶವಿಲ್ಲದ, ಔಷಧ ಮತ್ತು ಎಂಟಿಟಿ ಮಾತ್ರ ಇರುವ ಸಾಲನ್ನು ತಪ್ಪದೆ ಇಡಿ, ಎಂಟಿಟಿ ಹಾಕುವ ಮೊದಲು ಹಳೆಯ ಮಾಧ್ಯಮ ತೆಗೆದು ತೊಳೆಯಿರಿ. ಕೋಶಗಳನ್ನು ಪಕ್ಕದ ಪ್ರಯೋಗಾಲಯದಿಂದ ಕೈಗಡ ತರುವ ಬದಲು ಪುಣೆಯ ಎನ್‌ಸಿಸಿಎಸ್‌ನಂಥ ಭಂಡಾರದಿಂದ ತರಿಸಿ, ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಸೇರಿಲ್ಲವೆಂದು ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಮ್ಮ ಬೆಟ್ಟದಲ್ಲಿರುವ ದುರ್ವಾಸನೆ ಮರದಲ್ಲಿ ಕ್ಯಾನ್ಸರ್ ಔಷಧ ಇದೆಯಂತೆ. ತೊಗಟೆಯ ಕಷಾಯ ಮಾಡಿ ಕುಡಿಯಬಹುದೇ? (ಶಿರಸಿ)

ಕುಡಿಯಬಾರದು. ನೋಥಪೊಡೈಟಿಸ್ ನಿಮ್ಮೋನಿಯಾನ ಎಂಬ ಈ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇರುವುದು ನಿಜ. ಮೊದಲು ಅದನ್ನು ಚೀನಾದ ಒಂದು ಮರದಿಂದ ಮನ್ರೋ ವಾಲ್ ಮತ್ತು ಭಾರತ ಮೂಲದ ಮನ್ಸುಖ್ ವಾನಿ 1966ರಲ್ಲಿ ಬೇರ್ಪಡಿಸಿದ್ದರು. ಡಿಎನ್‌ಎ ಸಿಕ್ಕು ಬಿಡಿಸಲು ಟೊಪೊಐಸೊಮರೇಸ್-1 ಎಂಬ ಕಿಣ್ವ ಒಂದು ಎಳೆ ಕತ್ತರಿಸಿ ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಕತ್ತರಿಸುವುದನ್ನು ತಡೆಯುವುದಿಲ್ಲ, ಬೆಸೆಯುವುದನ್ನು ತಡೆಯುತ್ತದೆ. ಕತ್ತರಿಸಿದ ಎಳೆಗೆ ಕಿಣ್ವ ಅಂಟಿಕೊಂಡೇ ಉಳಿದು, ಡಿಎನ್‌ಎ ನಕಲಾಗುವಾಗ ಎರಡೂ ಎಳೆ ತುಂಡಾಗುತ್ತವೆ. ಇದು ಕರುಳಿನ, ಮೂಳೆಮಜ್ಜೆಯ ಆರೋಗ್ಯವಂತ ಕೋಶಗಳಿಗೂ ಅಷ್ಟೇ ಮಾರಕ.

ಶುದ್ಧ ವಸ್ತುವನ್ನೇ ಕೊಟ್ಟಾಗಲೂ ಮೊದಲ ಪ್ರಯತ್ನ ಕೆಟ್ಟಿತು. ಅಣುವಿನ ಲ್ಯಾಕ್ಟೋನ್ ಉಂಗುರ ಮುಚ್ಚಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ನೀರಿನಲ್ಲಿ ಕರಗಲೆಂದು ಉಂಗುರ ತೆರೆದು ಸೋಡಿಯಂ ಲವಣವಾಗಿ 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟರು. ಗೆಡ್ಡೆಯ ಮೇಲೆ ಬಲ ಕುಂದಿತು, ಮೂತ್ರಕೋಶದ ಆಮ್ಲೀಯತೆಯಲ್ಲಿ ಉಂಗುರ ಮತ್ತೆ ಮುಚ್ಚಿಕೊಂಡು ರಕ್ತಸ್ರಾವವಾಯಿತು. ಉಂಗುರ ಮುಟ್ಟದೆ, ಬೇರೆ ತುದಿಯಲ್ಲಿ ಕರಗುವ ಅಮೈನ್ ಸೇರಿಸಿ ಮಾಡಿದ ಟೊಪೊಟಿಕಾನ್, ಇರಿನೊಟಿಕಾನ್ ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಪಡೆದವು. ಮರದಿಂದ ಮರಕ್ಕೆ, ಬೇರಿನಿಂದ ಕಾಂಡಕ್ಕೆ ಈ ವಸ್ತುವಿನ ಪ್ರಮಾಣ ಹಲವು ಪಟ್ಟು ಬದಲಾಗುತ್ತದೆ, ಕಷಾಯದಲ್ಲಿ ಎಷ್ಟಿದೆಯೆಂದು ಅಳೆಯದೆ ತಿಳಿಯದು. ಔಷಧದ ಆಸೆಗೆ ಕಡಿದು ಸಾಗಿಸಿದ್ದರಿಂದ ಪಶ್ಚಿಮ ಘಟ್ಟದಲ್ಲಿ ಈ ಮರ ಈಗಾಗಲೇ ಸೊರಗಿದೆ.

ಪ್ರಶ್ನೆ: ತಾಯಿಗೆ ಸಂಧಿವಾತ. ಮೆಥೊಟ್ರೆಕ್ಸೇಟ್ ಬರೆದಿದ್ದಾರೆ. ಅಂತರ್ಜಾಲದಲ್ಲಿ ನೋಡಿದರೆ ಕ್ಯಾನ್ಸರ್ ಔಷಧ ಎಂದಿದೆ. ವಾರಕ್ಕೊಮ್ಮೆ ಎಂದರು, ದಿನಾ ಸ್ವಲ್ಪ ಸ್ವಲ್ಪ ತೆಗೆದುಕೊಂಡರೆ ಒಳ್ಳೆಯದಲ್ಲವೇ? (ಬಳ್ಳಾರಿ)

ಖಂಡಿತ ಕೂಡದು. ಈ ಔಷಧದಿಂದ ಆಗುವ ಸಾವುಗಳಿಗೆ ದಿನಾ ನುಂಗುವ ತಪ್ಪು ಒಂದು ಮುಖ್ಯ ಕಾರಣ.

ಇದರ ಮನೆತನ ಹಳೆಯದು. ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮುನ್ನಡೆಸುತ್ತಿದ್ದ ತಂಡ ಅಮಿನೊಪ್ಟೆರಿನ್ ತಯಾರಿಸಿತು. ಫೋಲಿಕ್ ಆಮ್ಲದ ಒಂದು ಆಮ್ಲಜನಕದ ಜಾಗದಲ್ಲಿ ಅಮಿನೊ ಗುಂಪು, ಅಷ್ಟೇ ವ್ಯತ್ಯಾಸ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟು 10 ಮಕ್ಕಳಲ್ಲಿ ಸುಧಾರಣೆ ಕಂಡದ್ದನ್ನು 1948ರಲ್ಲಿ ಪ್ರಕಟಿಸಿದರು. ಇನ್ನೊಂದು ಮಿಥೈಲ್ ಸೇರಿದರೆ ಮೆಥೊಟ್ರೆಕ್ಸೇಟ್. ಡೈಹೈಡ್ರೊಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವವನ್ನು ಇದು ಬಿಗಿಯಾಗಿ ಹಿಡಿಯುತ್ತದೆ, ಡಿಎನ್‌ಎಗೆ ಬೇಕಾದ ಥೈಮಿಡಿನ್ ತಯಾರಿ ನಿಲ್ಲುತ್ತದೆ. ಕೋಶದೊಳಗೆ ಇದಕ್ಕೆ ಗ್ಲುಟಮೇಟ್ ಬಾಲಗಳು ಅಂಟಿ ಹೊರಹೋಗಲಾಗದೆ ದಿನಗಟ್ಟಲೆ ಉಳಿಯುತ್ತದೆ. ವಾರಕ್ಕೊಮ್ಮೆ ಸಾಕಾಗುವುದೂ ದಿನಾ ತೆಗೆದುಕೊಂಡರೆ ಮೂಳೆಮಜ್ಜೆ ಕುಸಿಯುವುದೂ ಇದರಿಂದಲೇ.

ಸಂಧಿವಾತದಲ್ಲಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಒಳಗಿನ ಸಣ್ಣ ಪ್ರಮಾಣ. 15 ಮಿಲಿಗ್ರಾಂ ಎಂದು ಬರೆದು 2.5ರ ಮಾತ್ರೆ ಕೊಟ್ಟಿದ್ದರೆ ಒಂದೇ ದಿನ ಆರು ಮಾತ್ರೆ, ಉಳಿದ ಆರು ದಿನ ಒಂದೂ ಇಲ್ಲ. ಅಂಗಡಿಯವರು 10ರ ಮಾತ್ರೆ ಕೊಟ್ಟಾಗ ಅದೇ ಆರು ನುಂಗಿದವರಿದ್ದಾರೆ. ಪ್ರತಿ ಬಾರಿಯೂ ಮಾತ್ರೆಯ ಸ್ಟ್ರಿಪ್ ಮೇಲಿನ ಮಿಲಿಗ್ರಾಂ ಓದಿ. ನುಂಗಬೇಕಾದ ದಿನದ ಹೆಸರನ್ನು ಚೀಟಿಯ ಮೇಲೆ ಕನ್ನಡದಲ್ಲೇ ಬರೆಸಿಕೊಳ್ಳಿ. ಫೋಲಿಕ್ ಆಮ್ಲದ ಮಾತ್ರೆ ಬೇರೆ ದಿನಕ್ಕೆ ಹೇಳಿರುತ್ತಾರೆ. ಎರಡೂ ಚಿಕ್ಕ ಹಳದಿ ಮಾತ್ರೆಗಳಾಗಿರಬಹುದು, ಒಂದೇ ಡಬ್ಬಿಯಲ್ಲಿ ಇಡಬೇಡಿ. ಮೂತ್ರದ ಸೋಂಕಿಗೆ ಕೊಡುವ ಕೊ-ಟ್ರೈಮೊಕ್ಸಜೋಲ್ ಜೊತೆಗೆ ಬೇಡವೇ ಬೇಡ, ಅದರಲ್ಲಿನ ಟ್ರೈಮೆಥೊಪ್ರಿಮ್ ಕೂಡ ಫೋಲೇಟ್ ದಾರಿಗೇ ಅಡ್ಡ ನಿಲ್ಲುತ್ತದೆ. ಈ ಔಷಧ ಬಹುಪಾಲು ಮೂತ್ರದಲ್ಲೇ ಹೊರಹೋಗುವುದರಿಂದ ವಾಂತಿಭೇದಿಯಾಗಿ ಮೈ ಒಣಗಿದ ವಾರ ಮಾತ್ರೆ ತೆಗೆದುಕೊಳ್ಳುವ ಮೊದಲು ವೈದ್ಯರಿಗೆ ಫೋನ್ ಮಾಡಿ.

ಬಾಯಿಹುಣ್ಣು, ಜ್ವರ, ಮೈಮೇಲೆ ಕೆಂಪು ಚುಕ್ಕೆ, ಒಣಕೆಮ್ಮಿನೊಡನೆ ಏದುಸಿರು ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ತಪ್ಪಿ ದಿನಾ ನುಂಗಿದ್ದರೆ ಮನೆಯಲ್ಲಿರುವ ಫೋಲಿಕ್ ಆಮ್ಲ ಹೆಚ್ಚು ಕೊಟ್ಟು ಸರಿಮಾಡಲು ಹೋಗಬೇಡಿ. ಅದು ಕೆಲಸಕ್ಕೆ ಬರಬೇಕಾದರೆ ಈಗ ಕಟ್ಟಿಬಿದ್ದಿರುವ ಅದೇ ಕಿಣ್ವ ಬೇಕು. ಆ ಹಂತ ದಾಟಿದ ರೂಪದಲ್ಲಿರುವುದು ಲ್ಯೂಕೊವೊರಿನ್. ಅದನ್ನು ಆಸ್ಪತ್ರೆಯಲ್ಲೇ ಕೊಡಬೇಕು, ತಡಮಾಡಿದಷ್ಟೂ ಅದರ ಫಲ ಕಡಿಮೆ. ಹೋಗುವಾಗ ಉಳಿದ ಮಾತ್ರೆಗಳಿರುವ ಸ್ಟ್ರಿಪ್ಪನ್ನು ಜೊತೆಗೆ ಒಯ್ಯಿರಿ, ಎಷ್ಟು ಮಿಲಿಗ್ರಾಂ ಎಷ್ಟು ದಿನ ಹೋಗಿದೆ ಎಂಬುದು ಅದರಿಂದಲೇ ಲೆಕ್ಕವಾಗುತ್ತದೆ.